ಅಕ್ಕನಿಗೆ ತಂದ ಖರ್ಜೂರ

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅವಳು ರಿಪ್ಪನ್‌ಪೇಟೆಯ ನಮ್ಮ ಮನೆಯಲ್ಲೇ ಇದ್ದಾಳೆ. ಡಯಾಲಿಸಿಸ್‌ಗೆ ಸಾಗರಕ್ಕೆ ಕರೆದುಕೊಂಡು ಹೋಗುವವಳು ನಾನು. ಬಾಳೆಹಣ್ಣು, ಎಳನೀರು, ಖರ್ಜೂರ ಮುಟ್ಟಿಸಲೇಬೇಡಿ, ಅದರಲ್ಲಿರುವ ಪೊಟ್ಯಾಸಿಯಂ ಮೈಯಿಂದ ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸೀತು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ನೋಡಲು ಬಂದವರ ಕೈಯಲ್ಲೆಲ್ಲ ಖರ್ಜೂರ. ಯಾವ ಪುಣ್ಯಾತ್ಮ ಬರೆದು ಹರಿಬಿಟ್ಟನೋ, ಎಲ್ಲರ ಮೊಬೈಲಿನಲ್ಲೂ ಅದರದೇ ಗುಣಗಾನ. ಅರಳಸುರಳಿಯ ಚಿಕ್ಕಮ್ಮನಂತೂ ಡಬ್ಬಿಯನ್ನು ಮಂಚದ ಮೇಲಿಟ್ಟು ಪಾಠ ಒಪ್ಪಿಸಿದಳು. "ಇದ್ರಲ್ಲಿ ಆಂಟಿಆಕ್ಸಿಡೆಂಟ್ ಅಂತ ಇರ್ತದಂತೆ. ಊತ ಇಳಿಸ್ತದೆ, ರಕ್ತ ಶುದ್ಧ ಮಾಡ್ತದೆ. ತಿನ್ನೇ ಮಗಾ." ಅಕ್ಕ ಒಂದನ್ನು ಬಾಯಿಗೆ ಹಾಕಿಯೇಬಿಟ್ಟಳು. ತಂದವರೆದುರು ಚೂರಾದರೂ ತಿನ್ನದಿದ್ದರೆ ಅವರ ಮನಸ್ಸು ನೋಯುತ್ತದಲ್ಲ.

ಆ ಮೆಸೇಜು ಸುಳ್ಳಾ ಎಂದು ಡಾಕ್ಟರನ್ನೇ ಕೇಳಿದೆ. "ಪೂರ್ತಿ ಸುಳ್ಳಲ್ಲಮ್ಮ. ಅಂಥ ಅಂಶಗಳು ಇವೆ, ಇನ್ನೂ ಪರೀಕ್ಷೆ ಮಾಡ್ತಿದಾರೆ. ಒಳ್ಳೇದಾದ್ರೂ ಕಿಡ್ನಿ ಸರಿ ಇದ್ದೋರಿಗೆ" ಎಂದರು. ಸುಳ್ಳಾಗಿದ್ದರೆ ಬೈದು ಓಡಿಸಬಹುದಿತ್ತು. ಅರ್ಧ ನಿಜದ ಜೊತೆ ಜಗಳ ಆಡುವುದಾದರೂ ಹೇಗೆ?

ಚಿಕ್ಕಮ್ಮ ಮತ್ತೆ ಡಬ್ಬಿ ಹಿಡಿದು ಬಂದಾಗ ನನ್ನ ತಾಳ್ಮೆ ತಪ್ಪಿತು. ಬಾಗಿಲಲ್ಲೇ ತಡೆದೆ. "ಇದು ಅವಳಿಗೆ ವಿಷ. ಏನೂ ತರಬ್ಯಾಡ, ಸುಮ್ನೆ ಬಾ. ಎಲ್ರಿಗೂ ಹೇಳು."

ಅವಳು ಹೇಳಿದಳು. ಖರ್ಜೂರ ಬರುವುದು ನಿಂತಿತು, ಜನ ಬರುವುದೂ ನಿಂತಿತು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಅಕ್ಕ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲು ನೋಡುತ್ತಾಳೆ. "ಯಾಕೇ ಯಾರೂ ಬರಲ್ಲ? ನಾನು ಉಳಿಯಲ್ಲ ಅಂತ ಹೇಳಿದ್ರಾ ಡಾಕ್ಟ್ರು?" ಎಂದಳು ನಿನ್ನೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿ, ಸೇಬಾದರೂ ಹಿಡಿದು ಬಾ ಎಂದು ಬೇಡಿಕೊಂಡೆ.

"ಅದ್ರಲ್ಲಿ ಎಂತ ಇದ್ಯೋ ಯಾರಿಗ್ ಗೊತ್ತು ಮಾರಾಯ್ತಿ? ಖರ್ಜೂರ ತಿಂದ್ರೆ ಗುಣ ಆಗ್ತಾಳೆ ಅಂತ ನಂಬಿದ್ದೆ. ಈಗ ಯಾವ್ದನ್ನ ನಂಬಿ ತರ್ಲಿ? ಬರಿಗೈ ಬೀಸ್ಕೊಂಡ್ ಬಂದ್ರೆ ಸಾಯೋರ್ನ ನೋಡಕ್ಕೆ ಬಂದಂಗಾಗ್ತದೆ."

ಪಕ್ಕದ ಮಂಚದಲ್ಲಿ ಅಕ್ಕ ಎದ್ದು ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಖರ್ಜೂರನೇ ತಗೊಂಡ್ ಬಾ ಚಿಕ್ಕಮ್ಮ" ಎಂದೆ.