ಕತ್ತಲಲ್ಲಿ ಮುಗಿಯಬೇಕಿದ್ದ ಹಾಡು

ಆ ನಾಲ್ಕು ಸಾಲು ದೇವಮಿತ್ರ ಅಯ್ಯನವರವಲ್ಲ. ನನ್ನವು. ಹಾಸನದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ನಾನು ಅವರ ಅನುವಾದದೊಳಗೆ ಅವರಿಗೆ ತಿಳಿಯದಂತೆ ಅವನ್ನು ಸೇರಿಸಿದೆ. ಅವರು ಕೇಳಿದಾಗ ಸುಳ್ಳು ಹೇಳಿದೆ. ಹನ್ನೊಂದು ವರ್ಷ — ಬಾಯಿ ಬಿಡಲಿಲ್ಲ.

ಅಯ್ಯನವರು ಹೊಳೆನರಸೀಪುರದಲ್ಲಿ ನೆಲೆಸಿದ್ದ, ಚರ್ಚಿನ ನಿವೃತ್ತ ಸಭಾಪಾಲಕರು. ಯೌವನದಲ್ಲಿ ಕಲಿತ ಹೀಬ್ರೂವನ್ನು ಕೈಬಿಡದೆ, ಆ ಭಾಷೆಯ ಪ್ರಾಚೀನ ಭಕ್ತಿಗೀತೆಗಳನ್ನು ಮೂಲದಿಂದಲೇ ಕನ್ನಡಕ್ಕೆ ತರುತ್ತಿದ್ದರು. ಕಣ್ಣು ಪೂರ್ತಿ ಹೋದ ಮೇಲೆ, ಬರೆದದ್ದನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸಲು ನನ್ನನ್ನು ಕರೆದರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದೆ. ಅವರ ಹೆಂಡತಿ ಸುಗುಣಮ್ಮ ಕಾಫಿ ಕೊಟ್ಟು, ಬಿಡುವಿದ್ದಾಗ ಬಾಗಿಲ ಬಳಿ ಕೂತು ಕೇಳುತ್ತಿದ್ದರು.

ಆ ಹಾಡುಗಳಲ್ಲಿ ಪ್ರಾಸವಿಲ್ಲ. ಪ್ರತಿ ಸಾಲಿಗೂ ಒಂದು ಜೋಡಿ ಸಾಲು. ಮೊದಲನೆಯದು ಹೇಳಿದ್ದನ್ನೇ ಎರಡನೆಯದು ಬೇರೆ ಮಾತಿನಲ್ಲಿ ಹೇಳುತ್ತದೆ. ಇದು ಪುನರುಕ್ತಿಯಲ್ಲವೇ ಎಂದು ನಾನು ಮೂಗು ಮುರಿದಾಗ ಅಯ್ಯನವರು ನಕ್ಕರು.

"ಅಂದಿದ್ದನ್ನೇ ಅನ್ನೋದಲ್ಲ ಕಣಿ ಸಾ. ಮೊದಲ್ನೇ ಸಾಲಲ್ಲಿ ಕಾಲು ಹೊಳೆಗಿಡ್ತೀವಿ. ಎರಡ್ನೇದ್ರಲ್ಲಿ ನೀರು ಎದೆಗ್ ಬಂದಿರ್ಬೇಕು."

ಆ ಒಂದು ಮಾತಿನಿಂದ ನಾನು ಕಲಿತೆ — ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮುಂದೆ ಅದನ್ನೇ ಅವರ ವಿರುದ್ಧ ಬಳಸಿದೆ.

ಅವುಗಳಲ್ಲಿ ಗೋಳಿನ ಹಾಡುಗಳು ಬಹಳ. ಗುಂಡಿಯ ತಳ, ಮೈಮೇಲೆ ಹರಿದುಹೋಗುವ ಅಲೆ, ದೂರ ಸರಿದ ಗೆಳೆಯರು. ಆದರೂ ಹೆಚ್ಚಿನವು ಕೊನೆಯಲ್ಲಿ ನಂಬಿಕೆಯ ಕಡೆ ತಿರುಗುತ್ತವೆ. ಒಂದು ಮಾತ್ರ ತಿರುಗುವುದಿಲ್ಲ. ಅದನ್ನು ಅಯ್ಯನವರು ಕನ್ನಡಕ್ಕೆ ತಂದದ್ದು ಒಬ್ಬಳೇ ಮಗಳು ಕರುಣಾ ಎಂಟು ದಿನದ ಜ್ವರದಲ್ಲಿ ತೀರಿಕೊಂಡ ವರ್ಷ.

"ಇದರ ಕೊನೇ ಪದವೇ ಕತ್ತಲು," ಎಂದರು. "ಬರ್ದೋನು ಅಲ್ಲೇ ನಿಲ್ಸವ್ನೆ. ನಾನೂ ಅಲ್ಲೇ ನಿಲ್ಸಿದೀನಿ. ಇದೊಂದನ್ನ ಮುಟ್ಬೇಡಿ."

ಮುಟ್ಟಿದೆ. ಓದುಗರು ಎದೆಗುಂದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ — ಅಲ್ಲ, ಅದೂ ಸುಳ್ಳು. ನನ್ನಿಂದಲೂ ಅಂಥ ಸಾಲು ಆಗುತ್ತದೆಯೇ ಎಂದು ನೋಡಬೇಕಿತ್ತು. ಅವರೇ ಕಲಿಸಿದ ಜೋಡಿ ಸಾಲಿನಲ್ಲಿ, ಅವರದೇ ಉಸಿರಿನಲ್ಲಿ, ಬೆಳಗಾಗುವ ನಾಲ್ಕು ಸಾಲು ಬರೆದೆ. ಬೆಸುಗೆ ಯಾರಿಗೂ ಕಾಣದು. ಅಚ್ಚಿನ ಕರಡು ಬಂದಾಗ ಅವರಿಗೆ ಓದಿ ಹೇಳಿದವನೂ ನಾನೇ. ಆ ಪುಟದಲ್ಲಿ ಕತ್ತಲು ಎಂಬಲ್ಲಿಗೆ ನಿಲ್ಲಿಸಿ ಹಾಳೆ ಮಗುಚಿದೆ. "ಸರ್ಯಾಗ್ ಅದೆ," ಎಂದರು.

ಹಾಸನದಲ್ಲಿ ಪುಸ್ತಕ ಬಿಡುಗಡೆಯ ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಆ ಹಾಡನ್ನೇ ಆರಿಸಿಕೊಂಡು ಓದಿದಳು. ನಾಲ್ಕೂ ಸಾಲು ಓದಿದಳು. ಸಭೆಯಲ್ಲಿ ಚಪ್ಪಾಳೆ. ಅಯ್ಯನವರು ನಾನು ಕೂತ ಕಡೆಗೆ ಮುಖ ತಿರುಗಿಸಿದರು.

"ಅದೇನ್ ಸಾ, ಕೊನೇಲಿ ಓದಿದ್ದು?"

"ಪುಸ್ತಕದಲ್ಲಿಲ್ಲ ಅಯ್ಯನವರೇ. ಆ ಹುಡುಗಿ ತಾನೇ ಸೇರಿಸಿಕೊಂಡಳು."

ಅವರು ನಂಬಿದರೋ ಇಲ್ಲವೋ — ಇಂದಿಗೂ ಗೊತ್ತಿಲ್ಲ. ಮನೆಗೆ ಬಂದು, ತಿದ್ದಲೆಂದು ನನ್ನ ಬಳಿಯಿದ್ದ ಅವರ ನೋಟುಪುಸ್ತಕದಿಂದ ಆ ಹಾಡಿನ ಹಾಳೆಯನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ.

ಆ ವರ್ಷವೇ ಅವರು ತೀರಿಕೊಂಡರು. ಮಣ್ಣು ಮಾಡುವಾಗ ಓದಿದ್ದು ಅದೇ ನಾಲ್ಕು ಸಾಲು. ಸುಗುಣಮ್ಮ ನನ್ನ ಕೈ ಹಿಡಿದು, "ಮಗಳ್ನ ಕೊನೆಗೂ ದೇವ್ರಿಗೆ ಒಪ್ಪಿಸ್ಬುಟ್ಟವ್ರೆ ಕಣಿ ಸಾ. ನನ್ ಕೂಡ ಒಂದ್ ದಿನವೂ ಬಾಯ್ಬಿಟ್ಟು ಹೇಳ್ಲಿಲ್ಲ. ಇದ್ರಲ್ಲಿ ಬರ್ದವ್ರೆ," ಎಂದರು. ನಾನು ತಲೆಯಾಡಿಸಿದೆ.

ಆಮೇಲೆ ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ, ಯಾರದೋ ಸಾವಿನ ಕಾರ್ಡಿನ ಮೇಲೆ ಅಯ್ಯನವರ ಹೆಸರಿನ ಕೆಳಗೆ ಆ ಸಾಲುಗಳನ್ನು ಕಂಡೆ. ಹಿಂದಕ್ಕೆ ಕರೆಸಿಕೊಳ್ಳುವುದು ಹೇಗೆ? ಎಷ್ಟು ಮನೆಗಳಿಂದ? ಪ್ರಕಾಶಕರಿಗೆ ಈಗ ಎಲ್ಲ ಬರೆದಿದ್ದೇನೆ. ಆ ವಿದ್ಯಾರ್ಥಿನಿಗೂ ಬರೆದಿದ್ದೇನೆ. ಕ್ಷಮೆ ಕೇಳಿಲ್ಲ, ಕೇಳುವ ಮುಖವಿಲ್ಲ.

ಹೋದ ವಾರ ಹೊಳೆನರಸೀಪುರಕ್ಕೆ ಹೋದೆ. ಸುಗುಣಮ್ಮನ ಎದುರು ಕೂತು ಹೇಳಿದೆ. ಅವರು ಬೈಯಲಿಲ್ಲ. ಒಳಗಿನಿಂದ ಪುಸ್ತಕ ತಂದರು. ಆ ಪುಟ ಬೆರಳು ತಾಗಿ ತಾಗಿ ಮಾಸಿತ್ತು.

"ಅವ್ರು ಎಲ್ಲಿಗ್ ನಿಲ್ಸಿದ್ರೋ ಅಲ್ಲೀಗಂಟ ಓದಿ."

ಓದಿದೆ. ಕತ್ತಲು ಎಂಬಲ್ಲಿ ನಿಲ್ಲಿಸಿದೆ. ಅವರು ಮುಂದಿನದಕ್ಕೆ ಕಾಯುವವರಂತೆ ಕೂತೇ ಇದ್ದರು.

"ದಿನಾ ಬೆಳಗ್ಗೆ ಓದಿ ಆಮೆನ್ ಅಂತಿದ್ನಲ್ಲಾ ಸಾ," ಎಂದರು ಕೊನೆಗೆ. "ಅಷ್ಟು ವರ್ಸ ನಿಮ್ ಮಾತ್ಗಾ ನಾನು ಆಮೆನ್ ಅಂದಿದ್ದು?"

"ಹೌದಮ್ಮ," ಎಂದೆ.