ಸ್ವಿಚ್ ತೆಗೆಯುವ ಕೆಲಸ ನನ್ನದು

ಹಪ್ಪಳಕ್ಕೆಂದು ಹಲಸಿನಕಾಯಿಯ ಸೊಳೆ ಬಿಡಿಸುತ್ತಾ ಕೂತಿದ್ದೆ. ಕೈಗೆಲ್ಲ ತೆಂಗಿನೆಣ್ಣೆ, ಬೆರಳ ತುದಿಯಲ್ಲಿ ಮೇಣ. ಅಷ್ಟರಲ್ಲಿ ದೇವರ ಕೋಣೆಯ ಬಲ್ಬು ಆರಿತು. ಕರೆಂಟ್ ಹೋಯಿತು! ಅದೇ ಹೊತ್ತಿಗೆ ಮೂಡುಬಿದಿರೆಯಲ್ಲಿ ನಮ್ಮ ಮನೆಯ ಹತ್ತಿರದ ಕಾಲೇಜಿನಲ್ಲಿ, ದೊಡ್ಡವರೆಲ್ಲರ ಎದುರು, ನನ್ನ ನಾದಿನಿ ಕಂಪ್ಯೂಟರಿನಲ್ಲಿ ಅಂಕಪಟ್ಟಿ ಮಾಡಿ ತೋರಿಸುವ ಕಾರ್ಯಕ್ರಮ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಡನ ಈ ತಂಗಿ ವೇಣೂರಿನಿಂದ ಬಂದು ನಮ್ಮಲ್ಲೇ ಇದ್ದಳು. ಕಾಲೇಜಿನ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ. ಹೊಸ ಕಂಪ್ಯೂಟರಿಗೆ ಅಂಕಪಟ್ಟಿಯ ಪ್ರೋಗ್ರಾಮ್ ಬರೆದದ್ದು ಅವಳೇ. ಅದು ಸರಿಯಾಗಿ ನಡೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ವೇಣೂರಿನ ಬಸ್ಸು.

ಮಂಗಳೂರಿನಿಂದ ಕಂಪ್ಯೂಟರ್ ತಿಳಿದವರೊಬ್ಬರು ಬಂದು ಒಂದು ಬೆಳಿಗ್ಗೆಯೆಲ್ಲ ತಪಾಸಣೆ ಮಾಡಿ, "ಎಲ್ಲ ಸರಿ ಉಂಟು" ಎಂದು ಹೋಗಿದ್ದರು. ಇವಳಿಗೆ ಸಮಾಧಾನ ಇಲ್ಲ. ಕಾರ್ಯಕ್ರಮದವರೆಗೆ ದಿನಾ ಸಂಜೆ ಕಾಲೇಜಿನಲ್ಲೇ ಕೂತು ಪರೀಕ್ಷೆ ಮಾಡಬೇಕಂತೆ.

"ಅಡುಗೆ ಭಟ್ಟರು ಸಾಂಬಾರಿನ ರುಚಿ ನೋಡಿ ಆದ ಮೇಲೆ ನಿನ್ನದೇನು ಉಪ್ಪು?" ಎಂದರು ನಮ್ಮವರು.

"ಭಟ್ಟರು ಹೋದ ಮೇಲೂ ನಾನು ಕೊದಿಲಿಗೆ ತರಕಾರಿ ಹಾಕ್ತಾ ಇದ್ದೇನಲ್ಲ ಅಣ್ಣ! ಪ್ರೋಗ್ರಾಮಿಗೆ ದಿನಾ ಏನಾದರೂ ಹೊಸತು ಸೇರ್ತದೆ. ಅದನ್ನು ಯಾರು ನೋಡುವುದು?"

"ಕತ್ತಲಾಗುವವರೆಗೆ ಒಬ್ಬಳೇ ಕೂರುವುದು ಬೇಡ."

"ಒಬ್ಬಳೇ ಯಾಕೆ? ನಾನೂ ಹೋಗ್ತೇನೆ. ಹೂ ಕಟ್ಟುವುದು ಅಲ್ಲಿಯೂ ಆಗ್ತದೆ" ಎಂದೆ.

"ಕಂಪ್ಯೂಟರಿಗೆ ಮುಡಿಸ್ಲಿಕ್ಕಾ?" ಎಂದು ನಕ್ಕರು. ನಕ್ಕರೆಂದರೆ ಒಪ್ಪಿದ ಹಾಗೆ. ನಗುವ ಗಂಡನನ್ನು ಕೊಟ್ಟದ್ದೂ ದೇವರ ಒಂದು ಉಪಕಾರವೇ.

ಒಂದು ಸಂಜೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಶುರುವಾದವೋ ಏನೋ, ಬಲ್ಬು ಕೆಂಡದ ಹಾಗೆ ಕೆಂಪಾಯಿತು, ಕಂಪ್ಯೂಟರ್ ಕಣ್ಣು ಮುಚ್ಚಿತು. ಪುನಃ ತೆರೆದಾಗ ಅಷ್ಟು ಹೊತ್ತು ಕೂತು ಹಾಕಿದ ಅಂಕ ಒಂದೂ ಇಲ್ಲ! ನನಗೆ ಅಳು ಬಂತು. ಅವಳು ಕುರ್ಚಿಯಿಂದ ಹಾರಿದಳು.

"ಅತ್ತಿಗೇ, ತಪ್ಪು ಸಿಕ್ಕಿತು! ಮಂಗಳೂರಿನವರು ಬಂದ ದಿನ ಕರೆಂಟ್ ಗಟ್ಟಿ ಇತ್ತು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು!"

ಒಬ್ಬರ ಅಂಕ ಹಾಕಿದ ಕೂಡಲೇ ಅದು ಫ್ಲಾಪಿಯಲ್ಲಿ ಉಳಿಯಬೇಕು, ಕರೆಂಟ್ ಬಂದಾಗ ನಿಂತಲ್ಲಿಂದಲೇ ಮುಂದೆ ಹೋಗಬೇಕು. ಹಾಗೆ ತಿದ್ದಿದಳು. ಆಮೇಲೆ ದಿನಾ ಅದರದ್ದೇ ಪರೀಕ್ಷೆ. ಸ್ವಿಚ್ ತೆಗೆಯುವ ಕೆಲಸ ನನ್ನದು. ಗಣಪತಿಯನ್ನು ನೆನೆದು ಟಕ್ ಎಂದು ತೆಗೆದು ಕಂಪ್ಯೂಟರ್ ಆರಿಸುತ್ತಿದ್ದೆ. ಒಂದು ದಿನ ಯಾರದ್ದೋ ಹೆಸರು ಬಿಟ್ಟುಹೋಯಿತು. ಮರುದಿನ ಒಂದೇ ಹೆಸರು ಎರಡು ಸಲ ಬಂತು. ಅವಳು ತಿದ್ದುವುದು, ನಾನು ತೆಗೆಯುವುದು. ನನಗೂ ಹುಚ್ಚು ಹಿಡಿದಿತ್ತು ಅನ್ನಿ!

ಈಗ ಸ್ವಿಚ್ಚನ್ನು ದೇವರೇ ತೆಗೆದಿದ್ದ. ಎಣ್ಣೆ ಕೈಯಲ್ಲೇ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತೆ. ಬಲ್ಬು ಹತ್ತಿತು. ಹತ್ತಿದರೇನು? ಅಲ್ಲಿ ಏನಾಯಿತು?

ಮಧ್ಯಾಹ್ನ ಅಂಗಳದಿಂದಲೇ ಕೂಗು. "ಅತ್ತಿಗೇ! ಸರಿಯಾಗಿ ನಡುವಿನಲ್ಲೇ ಹೋಯಿತು! ಎಲ್ಲರೂ ಮುಖ ಮುಖ ನೋಡಿಕೊಂಡರು. 'ಕೂತ್ಕೊಳ್ಳಿ, ಬರ್ತದೆ' ಅಂದೆ. ಬಂತು. ಒಂದು ಹೆಸರೂ ಹೋಗಲಿಲ್ಲ! ಕೆಲಸ ಖಾಯಂ ಮಾಡ್ತಾರಂತೆ. ಇನ್ನು ಮುಂದೆಯೂ ದಿನಾ ಹೀಗೇ ಪರೀಕ್ಷೆ ಮಾಡಿ ನೋಡಬೇಕಂತೆ."

"ಅಣ್ಣನಿಗೆ ಹೇಳಿದೆಯಾ?"

"ದಾರಿಯಲ್ಲಿ ಸಿಕ್ಕಿದ. 'ಕೊದಿಲಿಗೆ ಉಪ್ಪು ಸರಿ ಉಂಟಾ?' ಅಂತ ಕೇಳಿದ."

ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಒರೆಸುವ ಹಾಗಿಲ್ಲ, ಕೈಯಲ್ಲಿ ಮೇಣ. ಅವಳೇ ತನ್ನ ಸೆರಗಿನಿಂದ ಒರೆಸಿದಳು. ಕೈ ತೊಳೆದು ದೇವರಿಗೆ ಒಂದು ತುಪ್ಪದ ದೀಪ ಹಚ್ಚಿ, ಸೊಳೆ ಬೇಯಿಸಲು ಒಲೆಗೆ ಬೆಂಕಿ ಮಾಡಿದೆ.