ವರ್ನಾ ಜಾಮೀನು ನಿಂತ ಮನುಷ್ಯ

ರುಡ್ನಾ ಊರಿನಲ್ಲಿ ವರ್ನಾ ಸ್ಕ್ರಿಪ್ನಿಕ್ ಒಂದು ಮಾತು ಹೇಳಿದಳೆಂದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಮಾತಿರಲಿಲ್ಲ. ಹೆಚ್ಚು ಓದಿದವಳಲ್ಲ, ಸಿರಿವಂತಳೂ ಅಲ್ಲ. ಮದುವೆಯಾದ ವರ್ಷದಿಂದ ಮೊಣಕಾಲು ಕೈಕೊಡುವವರೆಗೂ ಶಾಲೆಯ ಬಸ್ಸು ಓಡಿಸಿದವಳು. ಮ್ಯಾನಿಟೋಬಾದ ಈ ಬಯಲಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಣ್ಣಿಗೆ ಕಾಣದಷ್ಟು ದೂರ. ಯಾವ ಅಂಗಳದಲ್ಲಿ ಯಾವ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾವ ಮಗು ಬೆಳಗ್ಗೆ ತಿಂಡಿ ತಿನ್ನದೆ ಬಸ್ಸು ಹತ್ತುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲಿ ಕೂತು ಬೈಸಿಕೊಂಡವರೇ.

ಒಮ್ಮೆ ಹಿಮಗಾಳಿಯಲ್ಲಿ ರಸ್ತೆ ಮುಚ್ಚಿಹೋದಾಗ ಬಸ್ಸನ್ನು ಸೀದಾ ಹಾಲ್ಯಾ ಫೆಡೋರುಕ್ ಅವರ ಅಂಗಳಕ್ಕೆ ನುಗ್ಗಿಸಿದ್ದಳು. ಹಾಲ್ಯಾ ಆಗಲೇ ಒಂಟಿ ಹೆಂಗಸು. ಮಕ್ಕಳನ್ನೆಲ್ಲ ಅಡುಗೆಮನೆಯಲ್ಲಿ ಕೂಡಿಸಿಕೊಂಡು, ಗಾಳಿ ನಿಲ್ಲುವತನಕ ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬು ಬೇಯಿಸಿ ಹಾಕಿದರು. ನಮ್ಮ ಕಡೆ ಪಿರೋಹಿ ಇಲ್ಲದ ಸಮಾಧಾನವಿಲ್ಲ. ಅಂದಿನಿಂದ ವರ್ನಾಗೆ ಅವರು 'ಬಾಬಾ' ಆದರು. ಉಕ್ರೇನಿನಿಂದ ಬಂದವರ ಈ ಊರಿನಲ್ಲಿ ಬಾಬಾ ಅಂದರೆ ಅಜ್ಜಿ.

ಇಂಥ ಹೆಂಗಸು ಒಬ್ಬ ರಾಜಕಾರಣಿಗೆ ಜಾಮೀನು ನಿಂತಳು. ಕೋರ್ಟಿನ ಜಾಮೀನಲ್ಲ, ಅದಕ್ಕಿಂತ ಕೆಟ್ಟದ್ದು.

ರುಡ್ನಾದಲ್ಲಿ ಸರ್ಕಾರದ ಒಂದು ಬೀಜ ಸಂಶೋಧನಾ ಕೇಂದ್ರವಿತ್ತು. ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದದ್ದೇ ಅದರಿಂದ. ಅದನ್ನು ಮುಚ್ಚುತ್ತೇವೆ ಎಂದು ಆಳುವ ಪಕ್ಷ ಹೇಳಿದ ಮೇಲೆ ಚುನಾವಣೆ ಬಂತು. ವಿರೋಧ ಪಕ್ಷ ಡಾರಿಲ್ ಲಾಂಗ್‌ಮೂರ್ ಎಂಬವನನ್ನು ನಿಲ್ಲಿಸಿತು. ಪಕ್ಕದ ಪಟ್ಟಣದಲ್ಲಿ ವಿಮೆ ಮಾರುತ್ತಿದ್ದವನು, ಎತ್ತರದ ಆಳು, ಹಲ್ಲು ಚೆನ್ನಾಗಿದ್ದವು. ಅವನು ಬಂದು ವರ್ನಾಳ ಅಡುಗೆಮನೆಯ ಮೇಜಿಗೆ ಕೂತ.

"ವರ್ನಾ, ಈ ಊರಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ನಿನ್ನ ಮುಖ ಎಲ್ಲರಿಗೂ ಗೊತ್ತು. ನನ್ನ ಜೊತೆ ಬರ್ತೀಯಾ?"

"ಬೀಜದ ಕೇಂದ್ರ ಉಳಿಸ್ತೀಯಾ?"

"ಅದಕ್ಕೇ ನಿಂತಿರೋದು."

"ಆಳೋ ಪಕ್ಷದವರು ನಾಳೆ ಕುರ್ಚಿ ತೋರಿಸಿ ಕರೆದ್ರೆ?"

ಅವನು ನಕ್ಕ. "ಹಾಗೇನಾದ್ರೂ ಆದ್ರೆ ಮೊದಲು ಇದೇ ಮೇಜಿಗೆ ಬಂದು ನಿನ್ನನ್ನ ಕೇಳ್ತೀನಿ. ಊರಿನ ಭವನದಲ್ಲಿ ನಿಂತು ಜನರನ್ನ ಕೇಳ್ತೀನಿ. ಆಮೇಲೆ ಉಳಿದದ್ದು. ಸಾಕಾ?"

ವರ್ನಾಗೆ ಸಾಕಾಯಿತು. ಗಂಡ ಓರೆಸ್ಟ್ ಮಾತ್ರ ಒಳಕೋಣೆಯಿಂದ, ಟಿವಿಯ ಹಾಕಿ ಆಟದ ಸದ್ದು ತಗ್ಗಿಸದೆ ಕೂಗಿದ, "ವಿಮೆ ಮಾರೋನು ಕಣೇ! ಮನೆ ಸುಟ್ಟಾಗ ಗೊತ್ತಾಗುತ್ತೆ!" ಗಂಡಂದಿರು ಒಂದೊಂದು ಸಲ ಸರಿಯಾಗಿಯೇ ಹೇಳುತ್ತಾರೆ, ಕೇಳುವವರು ಯಾರು?

ಆಮೇಲೆ ಅವಳು ತನ್ನ ಹಳೆಯ ಬಸ್ಸಿನ ದಾರಿಯಲ್ಲೇ ಲಾಂಗ್‌ಮೂರನನ್ನು ಕಾರಿನಲ್ಲಿ ಕೂರಿಸಿಕೊಂಡು ಗೇಟಿಂದ ಗೇಟಿಗೆ ಹೋದಳು. ಅವನ ಹೆಸರಿನ ಫಲಕಗಳನ್ನು ತಾನೇ ಸುತ್ತಿಗೆ ಹಿಡಿದು ಅಂಗಳಗಳಲ್ಲಿ ನೆಟ್ಟಳು. ಜನ ಅವನ ಮಾತು ಕೇಳಿದಂತೆ ಮಾಡಿ ಅವಳ ಮುಖ ನೋಡುತ್ತಿದ್ದರು. ಹಾಲ್ಯಾ ಬಾಬಾ ಮಾತ್ರ ಗಂಡ ಸತ್ತ ಮೇಲೆ ಮತಗಟ್ಟೆಯ ಮೆಟ್ಟಿಲು ಹತ್ತಿದವರಲ್ಲ.

"ಎಲ್ಲ ಒಂದೇ ತೊಟ್ಟಿ ಹಂದಿಗಳು, ವರ್ನಾ. ನನ್ನನ್ಯಾಕೆ ಎಳೀತೀಯಾ?"

"ಇವನು ಹಾಗಲ್ಲ ಬಾಬಾ. ನನ್ನ ಮಾತು ನಂಬಿ."

"ಅವನನ್ನ ನಂಬಲ್ಲ. ನೀನು ಹೇಳ್ತೀಯಾ ಅಂತ ಬರ್ತೀನಿ."

ವರ್ನಾ ಅವರನ್ನು ಕೈಹಿಡಿದು ಕರೆದೊಯ್ದು ವೋಟು ಹಾಕಿಸಿದಳು. ಲಾಂಗ್‌ಮೂರ್ ಗೆದ್ದ. ದೇಶದಲ್ಲಿ ಮಾತ್ರ ಹಳೆಯ ಪಕ್ಷವೇ ಮತ್ತೆ ಆಳಲು ಬಂತು. ಗೆದ್ದ ದಿನ ಅವನು ಅವಳನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡ.

ವರ್ಷ ತುಂಬುವ ಮೊದಲೇ, ಬೆಳೆ ಕೊಯ್ಲಿನ ದಿನಗಳಲ್ಲಿ, ಅವನು ರಾಜಧಾನಿ ಒಟ್ಟಾವದ ಸಂಸತ್ತಿನಲ್ಲಿ ಎದ್ದು ನಡುವಿನ ಹಾದಿ ದಾಟಿ ಆಳುವ ಪಕ್ಷದ ಸಾಲಿಗೆ ಹೋಗಿ ಕೂತ. ವರ್ನಾ ಅದನ್ನು ಟಿವಿಯಲ್ಲಿ ನೋಡಿದಳು. ಆ ಕಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬೆನ್ನು ಚಪ್ಪರಿಸಿದರು. ಅವನು ಅದೇ ಚೆಂದದ ಹಲ್ಲು ಬಿಟ್ಟು ನಗುತ್ತಿದ್ದ. ಅವಳ ಮೇಜಿಗೆ ಬಂದಿರಲಿಲ್ಲ, ಭವನಕ್ಕೆ ಬಂದಿರಲಿಲ್ಲ, ಒಂದು ಫೋನೂ ಮಾಡಿರಲಿಲ್ಲ. ಬೀಜದ ಕೇಂದ್ರ ಮುಚ್ಚುವುದಿಲ್ಲವಂತೆ, 'ಆಧುನೀಕರಣ' ಆಗುತ್ತದಂತೆ. ಕೆಲಸಗಾರರನ್ನೆಲ್ಲ ಬೇರೆ ನಗರಕ್ಕೆ ಸಾಗಿಸುವುದಕ್ಕೆ ಅವನು ಹುಡುಕಿದ ಹೆಸರು ಅದು. ನಾಚಿಕೆಯೆಂಬುದು ಚರ್ಮದ ಕೆಳಗಿರುತ್ತದೆ ಎನ್ನುತ್ತಾರೆ, ಕೆಲವರಿಗೆ ಬರೀ ಚರ್ಮವೇ ಇರುತ್ತದೇನೋ.

"ಸೀಟು ಬಿಟ್ಟು ಮತ್ತೆ ಚುನಾವಣೆಗೆ ನಿಲ್ಲಬೇಕಲ್ವಾ?" ವರ್ನಾ ಗಂಡನನ್ನು ಕೇಳಿದಳು.

"ಕಾನೂನಲ್ಲಿ ಹಾಗೇನಿಲ್ಲ. ನೀನು ವೋಟು ಕೊಟ್ಟಿದ್ದು ಅವನಿಗೇ ಅಂತೆ, ಪಕ್ಷಕ್ಕಲ್ಲ. ಇನ್ನು ಮೂರು ವರ್ಷ ಅವನು ಆರಾಮ," ಎಂದ ಓರೆಸ್ಟ್. ಹೆಂಡತಿಯ ಮುಖ ನೋಡಿ ಅವತ್ತು ವಿಮೆಯ ಮಾತೆತ್ತಲಿಲ್ಲ.

ಜಿಲ್ಲೆಯ ವಾರಪತ್ರಿಕೆ 'ಊರಿಗಾಗಿ ಧೈರ್ಯದ ಹೆಜ್ಜೆ' ಎಂದು ಮುಖಪುಟದಲ್ಲಿ ಬರೆಯಿತು. ಹಿಂದಿನ ವರ್ಷ ಬೇರೊಂದು ಕ್ಷೇತ್ರದ ಹೆಂಗಸೊಬ್ಬಳು ಇದೇ ಕೆಲಸವನ್ನು ತಿರುಗುಮುರುಗಾಗಿ ಮಾಡಿದಾಗ, ಅಂದರೆ ಆಳುವ ಪಕ್ಷ ಬಿಟ್ಟು ಈಚೆ ಬಂದಾಗ, ಅದೇ ಪತ್ರಿಕೆ ಅಷ್ಟೇ ದೊಡ್ಡ ಅಕ್ಷರದಲ್ಲಿ 'ಮತದಾರರಿಗೆ ದ್ರೋಹ' ಎಂದು ಬರೆದಿತ್ತು. ಅದೇ ಸಂಪಾದಕ, ಅದೇ ಲೇಖನಿ. ಹಿಂದಿನ ಪುಟದ ತುಂಬ ಸರ್ಕಾರಿ ಜಾಹೀರಾತು. ವರ್ನಾ ಪತ್ರಿಕೆಯನ್ನು ಮಡಚಿ ಕೋಳಿಗೂಡಿನ ನೆಲಕ್ಕೆ ಹಾಸಿದಳು.

ಹಾಗೆಂದು ಅವಳು ಸುಮ್ಮನೆ ಕೂರಲಿಲ್ಲ. ಕೊಟ್ಟಿಗೆಯಲ್ಲಿ ಲಾಂಗ್‌ಮೂರನ ಹಳೆಯ ಫಲಕಗಳು ಬಿದ್ದಿದ್ದವು. ಅವನ್ನೇ ತೆಗೆದು ಹೆದ್ದಾರಿಯ ಉದ್ದಕ್ಕೂ ತಲೆಕೆಳಗಾಗಿ ನೆಟ್ಟಳು. ಊರಿನವರೂ ಕೈಜೋಡಿಸಿದರು. ಮರುದಿನ ನೋಡಿದರೆ ಅಂಗಳ ಅಂಗಳದಲ್ಲೂ ಲಾಂಗ್‌ಮೂರ್ ಶೀರ್ಷಾಸನ ಹಾಕಿದ್ದ! ಜನ ಕಾರು ನಿಲ್ಲಿಸಿ ನಗುತ್ತಿದ್ದರು. ಆ ವಾರ ಪತ್ರಿಕೆಯಲ್ಲಿ ಫಲಕಗಳ ಚಿತ್ರವೂ ಬಂತು. ಆದರೆ ಅದು ಚುನಾವಣೆ ಕಾಲದ ಹಳೆಯ ಚಿತ್ರ. ಎಲ್ಲವೂ ನೆಟ್ಟಗೆ ನಿಂತಿದ್ದವು. ಕೆಳಗೆ 'ಸಂಸದರಿಗೆ ರುಡ್ನಾ ಜನರ ಬೆಂಬಲ' ಎಂದಿತ್ತು.

"ಇವರ ಬಾಯಿಗೆ ಮಣ್ಣು ಹಾಕ!" ಎಂದಳು ವರ್ನಾ. ಬಸ್ಸು ಓಡಿಸುವಾಗಲೂ ಅವಳ ಬಾಯಿಂದ ಅಂಥ ಮಾತು ಬಂದಿರಲಿಲ್ಲ.

ಅಕ್ಟೋಬರಿನಲ್ಲಿ ಊರಿನ ಸುಗ್ಗಿಯೂಟ. ಭವನದಲ್ಲಿ ಉದ್ದನೆಯ ಮೇಜುಗಳು, ಟರ್ಕಿ ಕೋಳಿಯ ಮಾಂಸ, ಕೋಸಿನ ಎಲೆಯಲ್ಲಿ ಸುತ್ತಿದ ಹೊಲುಬ್ಚಿ, ಪಿರೋಹಿ, ಕುಂಬಳಕಾಯಿಯ ಸಿಹಿ ತಿನಿಸು. ಕ್ಷೇತ್ರದ ಸಂಸದ ಯಾರೇ ಇರಲಿ, ಅವತ್ತು ಕೆಟಲು ಹಿಡಿದು ಎಲ್ಲರಿಗೂ ಕಾಫಿ ಬಗ್ಗಿಸುವುದು ಇಲ್ಲಿಯ ಪದ್ಧತಿ. ಈ ಸಲ ಅವನು ಬರುವುದಿಲ್ಲ, ಬಂದರೆ ಜನ ಕೆಟಲನ್ನು ಅವನ ತಲೆಯ ಮೇಲೆ ಬಗ್ಗಿಸುತ್ತಾರೆ ಎಂದುಕೊಂಡಿದ್ದಳು ವರ್ನಾ.

ಅವನು ಬಂದ. ಭವನದ ಅಡುಗೆಮನೆಗೆ ಸರ್ಕಾರದಿಂದ ಹೊಸ ಒಲೆ, ಹೊಸ ತಂಪುಪೆಟ್ಟಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳಿದ. ಏಪ್ರನ್ ಕಟ್ಟಿಕೊಂಡು ಕೆಟಲು ಹಿಡಿದ. ಅಂಗಳದಲ್ಲಿ ಅವನನ್ನು ತಲೆಕೆಳಗೆ ನಿಲ್ಲಿಸಿದ್ದವರೇ ಒಬ್ಬೊಬ್ಬರಾಗಿ ಕಪ್ಪು ಮುಂದಕ್ಕೆ ಚಾಚಿದರು. "ಚಳಿ ಶುರುವಾಯ್ತಲ್ಲ, ಡಾರಿಲ್," "ಮಕ್ಕಳು ಹೇಗಿದಾರೆ, ಡಾರಿಲ್." ವರ್ನಾ ಬಡಿಸುವ ಸೌಟು ಹಿಡಿದು ನಿಂತು ನೋಡಿದಳು. ಅವನ ಮೇಲಿದ್ದ ಅಸಹ್ಯ ಇವರ ಮೇಲೂ ಹರಡಿತು.

ಅವನು ಹತ್ತಿರ ಬಂದಾಗ ಕೇಳಿಯೇ ಬಿಟ್ಟಳು.

"ಡಾರಿಲ್, ನನ್ನ ಮನೆ ಮೇಜಿಗೆ ಕೂತು ಏನಂದಿದ್ದೆ?"

"ವರ್ನಾ! ಎಷ್ಟು ದಿನ ಆಯ್ತು ನಿನ್ನ ನೋಡಿ. ಅದನ್ನೆಲ್ಲ ಆಮೇಲೆ ಮಾತಾಡೋಣ, ಕಾಫಿ ತಣ್ಣಗಾಗುತ್ತೆ."

"ಆಗ್ಲಿ. ಇಲ್ಲೇ ಹೇಳು, ಎಲ್ಲರೂ ಇದಾರೆ."

ಪಕ್ಕದಲ್ಲಿದ್ದವರು ತಲೆ ತಗ್ಗಿಸಿದರು. ನಾಚಿಕೆಯಾದದ್ದು ಅವನಿಂದಲ್ಲ, ಅವಳಿಂದ. ಊಟದ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ಯಾರೋ ಗೊಣಗಿದರು. ಲಾಂಗ್‌ಮೂರ್ ಅವಳ ಭುಜ ತಟ್ಟಿ ಮುಂದಿನ ಮೇಜಿಗೆ ಹೋದ.

ಆಗ ರೇಡಿಯೋದ ಜನೆಲ್ ಮೈಕು ಹಿಡಿದು ಬಂದಳು. ಜಿಲ್ಲೆಯ ಬಾನುಲಿಯಲ್ಲಿ ಸುದ್ದಿ ಮಾಡುವ ಹುಡುಗಿ, ವರ್ನಾಳ ಬಸ್ಸಿನಲ್ಲಿ ಮೊದಲ ಸೀಟಿಗೆ ಕೂತು ಬೆಳೆದವಳು.

"ಮಿಸೆಸ್ ಸ್ಕ್ರಿಪ್ನಿಕ್, ನೀವು ಕೇಳಿದ್ದನ್ನ ಮೈಕಲ್ಲಿ ಹೇಳ್ತೀರಾ?"

ವರ್ನಾಗೆ ಜೀವ ಬಂದಂತಾಯಿತು. ತನ್ನ ಬಸ್ಸಿನ ಮಗು ತನಗೆ ಮೋಸ ಮಾಡುವುದುಂಟೆ? ಆದರೆ ನಮ್ಮ ಬಯಲಿನವರಿಗೆ ಒಂದು ಚಟವಿದೆ. ಯಾರನ್ನಾದರೂ ಬೈಯುವ ಮೊದಲು ಅವರ ಬಗ್ಗೆ ಎರಡು ಒಳ್ಳೆಯ ಮಾತು ಹೇಳದಿದ್ದರೆ ನಾಲಗೆ ಏಳುವುದಿಲ್ಲ. ಬೇಲಿ ಮುರಿದ ನೆರೆಯವನಿಗೂ ಮೊದಲು 'ನಿನ್ನ ಟ್ರ್ಯಾಕ್ಟರ್ ಚೆನ್ನಾಗಿದೆ' ಎಂದೇ ಶುರು ಮಾಡುವುದು. ವರ್ನಾಳೂ ಹಾಗೆಯೇ ಶುರು ಮಾಡಿದಳು.

"ಡಾರಿಲ್ ದುಡಿಯೋ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಾನೇ ಅವನನ್ನ ಮನೆಮನೆಗೆ ಕರ್ಕೊಂಡು ಹೋದೆ. ನಾವೆಲ್ಲ ಅವನನ್ನ ನಂಬಿದೀವಿ. ಆ ನಂಬಿಕೆನ ಅವನು ಒಂದು ಕುರ್ಚಿಗೆ ಮಾರ್ಕೊಂಡ. ನಮ್ಮನ್ನ ಒಂದು ಮಾತು ಕೇಳ್ಲಿಲ್ಲ. ಅವನಿಗೆ ಮಾನ ಇದ್ರೆ ಸೀಟು ಬಿಟ್ಟು ಮತ್ತೆ ನಿಲ್ಲಲಿ. ನಾನು ವೋಟು ಕೇಳಿದ ಪ್ರತಿಯೊಬ್ಬರಿಗೂ ಇದನ್ನೇ ಹೇಳ್ತೀನಿ."

ಜನೆಲ್ ಅವಳ ಕೈಯೊತ್ತಿ ಹೋದಳು.

ಮರುದಿನ ಬೆಳಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಮಾರಾಟಕ್ಕೆ ಪಿರೋಹಿ ಒತ್ತುತ್ತಿದ್ದರು. ಕಿಟಕಿಯ ಮೇಲಿದ್ದ ರೇಡಿಯೋ ಸುದ್ದಿ ಓದಿತು: ಸುಗ್ಗಿಯೂಟಕ್ಕೆ ಸಂಸದರ ಭೇಟಿ, ಭವನಕ್ಕೆ ಹೊಸ ಅಡುಗೆಮನೆ, ಜನರ ಆತ್ಮೀಯ ಸ್ವಾಗತ. ಹಿಂದೆಯೇ ವರ್ನಾಳ ದನಿ, ಸ್ಪಷ್ಟವಾಗಿ: "ಡಾರಿಲ್ ದುಡಿಯೋ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಾನೇ ಅವನನ್ನ ಮನೆಮನೆಗೆ ಕರ್ಕೊಂಡು ಹೋದೆ. ನಾವೆಲ್ಲ ಅವನನ್ನ ನಂಬಿದೀವಿ." ಅಲ್ಲಿಗೆ ಮುಗಿಯಿತು. ಆಮೇಲೆ ಹವಾಮಾನ ವರದಿ.

ಹೆಂಗಸರ ಕೈಗಳು ಹಿಟ್ಟಿನ ಮೇಲೆ ನಿಂತವು. ವರ್ನಾ ಕೈ ಒರೆಸಿಕೊಂಡು ಹೊರಗೆ ಹೋಗಿ ಜನೆಲ್‌ಗೆ ಫೋನು ಮಾಡಿದಳು.

"ಉಳಿದದ್ದು ಎಲ್ಲಿ ಹೋಯ್ತು, ಜನೆಲ್?"

"ಸಮಯ ಸಾಲ್ಲಿಲ್ಲ, ಮಿಸೆಸ್ ಸ್ಕ್ರಿಪ್ನಿಕ್. ಮೇಲಿನವರು ಕತ್ತರಿಸಿದ್ರು. ಆದ್ರೆ ಹಾಕಿದ್ದೆಲ್ಲ ನೀವೇ ಹೇಳಿದ್ದಲ್ವಾ? ಒಂದಕ್ಷರಾನೂ ಸುಳ್ಳಲ್ಲ."

"ಅದೇ ಅಸಹ್ಯ ಕಣಮ್ಮಾ," ಎಂದು ವರ್ನಾ ಫೋನಿಟ್ಟಳು. ಲಾಂಗ್‌ಮೂರ್ ಅವಳ ಮಾತನ್ನು ಒಮ್ಮೆ ಕದ್ದಿದ್ದ. ಈಗ ಇವರು ಅದನ್ನೇ ಇನ್ನೊಮ್ಮೆ ಕದ್ದು, ಜಿಲ್ಲೆಯ ಮನೆಮನೆಗೂ ಅವಳದೇ ದನಿಯಲ್ಲಿ ಅವನಿಗೆ ಜಾಮೀನು ಹಾಕಿಸಿದ್ದರು.

ಕಾರು ತೆಗೆದು ಸೀದಾ ಹಾಲ್ಯಾ ಬಾಬಾ ಮನೆಗೆ ಹೋದಳು. ಊರೆಲ್ಲ ಏನಾದರೂ ಅಂದುಕೊಳ್ಳಲಿ, ಆ ಒಬ್ಬರು ಅಂದುಕೊಳ್ಳಬಾರದಿತ್ತು. ಬಾಬಾ ಬಾಗಿಲು ತೆರೆದರು. ಅಡುಗೆಮನೆಯಲ್ಲಿ ರೇಡಿಯೋ ಹಾಡುತ್ತಿತ್ತು.

"ಕೇಳಿದ್ರಾ ಬಾಬಾ?"

"ಕೇಳಿದೆ."

"ಅದು ಅರ್ಧ ಮಾತ್ರ. ಆಮೇಲೆ ಅವನನ್ನ ಚೆನ್ನಾಗಿ ಬೈದಿದ್ದೆ. ಅದನ್ನ ಕತ್ತರಿಸಿಬಿಟ್ರು. ನಾನು ಹೇಳಿದ್ದು ಅದಲ್ಲ ಬಾಬಾ!"

ಹಾಲ್ಯಾ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವರ್ನಾ ತಡೆದುಕೊಳ್ಳುತ್ತಿದ್ದಳು.

"ಟಿವಿಲಿ ಬರೋರೆಲ್ಲ ಹಾಗೇ ಅಂತಾರೆ, ಮಗಳೇ. ನನ್ನ ಮಾತು ಕತ್ತರಿಸಿದ್ರು, ನಾನು ಹೇಳಿದ್ದು ಅದಲ್ಲ ಅಂತ. ಬಾ ಒಳಗೆ, ಚಳಿ."

ವರ್ನಾ ಮೇಜಿಗೆ ಕೂತಳು. ಬಾಬಾ ಎರಡು ಕಪ್ಪು ಇಟ್ಟು ಕಾಫಿ ಬಗ್ಗಿಸಿದರು.

"ನನ್ನನ್ನ ನಂಬಲ್ವಾ ಬಾಬಾ ನೀವು?"

"ನಿನ್ನನ್ನ ನಂಬ್ತೀನಿ. ನೀನು ಹೇಳೋದನ್ನ ಇನ್ನು ನಂಬಲ್ಲ, ಅಷ್ಟೆ," ಎಂದರು ಹಾಲ್ಯಾ. "ಸಕ್ಕರೆ ಹಾಕ್ಲಾ?"